ಗೋಡೆಯಿಲ್ಲದ್ದು ಶಾಲೆಯಲ್ಲವೆ?

ಕಳೆದ ತಿಂಗಳು ನೆರೆಯೂರಿನ ಕಾಲೇಜೊಂದರಲ್ಲಿ ಪರಿಸರ ಶಿಕ್ಷಣವನ್ನು ಕುರಿತು ವಿಚಾರಗೋಷ್ಠಿಯೊಂದು ನಡೆಯಿತು. ಕನ್ನಡದ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ಕನ್ನಡದ ಪಾಠದ ಅವಧಿಗಳು ಕಡಮೆಯಾದಾಗ, ಆ ಕೊರತೆಯನ್ನು ತುಂಬಲೆಂದು ಪರಿಸರ ಅಧ್ಯಯನವೆಂಬ ವಿಷಯವನ್ನು ನನ್ನ ತಲೆಗೆ ಕಟ್ಟಿದರು. ಹಳಗನ್ನಡ ಕಾವ್ಯದಲ್ಲಿ ವನವರ್ಣನೆಯನ್ನು ಪಾಠ ಹೇಳುವವನಿಗೆ ವನದ ವಿಷಯ ತಿಳಿದೇ ಇರುತ್ತದೆಂದು ಅವರು ಭಾವಿಸಿದರೋ ಏನೋ. ಆ ಭಾವನೆ ಎಷ್ಟು ಸುಳ್ಳೆಂಬುದನ್ನು ಆಮೇಲೆ ಹೇಳುತ್ತೇನೆ.

ಗೋಷ್ಠಿಯಲ್ಲಿ ಮುಖ್ಯ ಭಾಷಣ ಮಾಡಿದ ಮಹನೀಯರು ಓದಿದವರು, ದೇಶ ಸುತ್ತಿದವರು. ಕಾಡಿನ ನಾಶವನ್ನು ಕುರಿತು ಹೇಳುತ್ತ ಹೇಳುತ್ತ ಆಫ್ರಿಕಾ ಖಂಡಕ್ಕೆ ಹೋದರು. ಆ ಖಂಡದಲ್ಲಿ ಶಿಕ್ಷಣ ಮೊದಲಾದದ್ದೇ ಮಿಷನರಿಗಳ ಶಾಲೆಗಳಿಂದ. ಅದಕ್ಕೆ ಮುಂಚೆ ಅಲ್ಲಿದ್ದದ್ದು ಬರಿಯ ಮೂಢನಂಬಿಕೆ. ಶಿಕ್ಷಣವಿಲ್ಲದ ಜನರ ಕೈಗೆ ಸಿಕ್ಕಿದ್ದರಿಂದಲೇ ಅಲ್ಲಿಯ ಕಾಡುಗಳು ಹಾಳಾದವು ಎಂದು ಅಪ್ಪಣೆ ಕೊಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ಊಟದ ಹೊತ್ತು ಮೀರಿತ್ತು, ನಾನೂ ತಟ್ಟಿದೆ. ಆ ಚಪ್ಪಾಳೆಯ ಸಾಲವನ್ನು ತೀರಿಸಲು ಈಗ ಬರೆಯುತ್ತಿದ್ದೇನೆ.

ಮೂರು ಮಾತು, ಮೂರೂ ತಪ್ಪು. ಮೊದಲನೆಯದು ಇತಿಹಾಸದ ತಪ್ಪು. ಅದಕ್ಕೆ ಹೆಚ್ಚು ಕಾಲ ಬೇಡ. ಗೋಡೆಗಳ ಲೆಕ್ಕವೇ ಬೇಕೆಂದರೆ ಮೊರಾಕೊದ ಫೆಜ್ ನಗರದಲ್ಲಿಯೂ ಈಜಿಪ್ಟಿನ ಕೈರೋದಲ್ಲಿಯೂ ಸಾವಿರ ವರ್ಷಗಳ ಹಳೆಯ ವಿದ್ಯಾಪೀಠಗಳಿವೆ. ಮಾಲಿ ದೇಶದ ಟಿಂಬಕ್ಟುವಿನಲ್ಲಿ ಓಲೆ ಓಲೆಯಾಗಿ ಕಾಪಾಡಿಕೊಂಡು ಬಂದ ಹಸ್ತಪ್ರತಿಗಳ ರಾಶಿಯಿದೆ. ಆದರೆ ನನ್ನ ವಾದ ಇವುಗಳ ಮೇಲೆ ನಿಂತದ್ದಲ್ಲ. ಗೋಡೆಯಿಲ್ಲದ, ಪುಸ್ತಕವಿಲ್ಲದ, ಪರೀಕ್ಷೆಯ ನಂಬರಿಲ್ಲದ ಕಲಿಕೆಯೂ ಶಿಕ್ಷಣವೇ ಹೌದೋ ಅಲ್ಲವೋ ಎಂಬುದು ನನ್ನ ಪ್ರಶ್ನೆ.

ಲೈಬೀರಿಯ, ಸಿಯರಾ ಲಿಯೋನ್, ಗಿನಿ, ಐವರಿ ಕೋಸ್ಟ್ ಎಂಬ ಪಶ್ಚಿಮ ಆಫ್ರಿಕಾದ ದೇಶಗಳಲ್ಲಿ ಪೊರೊ ಎಂಬ ಒಂದು ಸಂಸ್ಥೆಯಿದೆ. ಹುಡುಗರನ್ನು ಗಂಡಸರನ್ನಾಗಿ ಮಾಡುವ ದೀಕ್ಷೆ ಅದು. ಹುಡುಗಿಯರಿಗೆ ಹಲವು ಕಡೆ ಸಾಂಡೆ ಎಂಬ ಬೇರೆ ಸಂಸ್ಥೆ. ಈ ದೀಕ್ಷೆ ನಡೆಯುವುದು ಊರ ಮಗ್ಗುಲಿನ ಒಂದು ಕಾಡಿನಲ್ಲಿ. ಐವರಿ ಕೋಸ್ಟಿನ ಉತ್ತರಕ್ಕಿರುವ ಸೆನುಫೊ ಜನರಲ್ಲಿ ಆ ಕಾಡಿಗೆ ಸಿಂಜಂಗ ಎಂದು ಹೆಸರು. ಅಲ್ಲಿ ಪೊರೊ ವಿದ್ಯೆಗೆ ಮೂರು ಘಟ್ಟಗಳು, ಒಂದೊಂದಕ್ಕೂ ಸುಮಾರು ಏಳು ವರ್ಷ. ಒಟ್ಟು ಇಪ್ಪತ್ತೊಂದು ವರ್ಷವಾಯಿತು. ನಮ್ಮ ಎಂ.ಎ. ಪದವಿಗೆ ಒಂದನೆಯ ತರಗತಿಯಿಂದ ಎಣಿಸಿದರೂ ಅಷ್ಟಾಗುವುದಿಲ್ಲ. ಕಲಿತವನು ಕಲಿಯದವನಿಗೆ ಗುಟ್ಟು ಬಿಟ್ಟುಕೊಡುವಂತಿಲ್ಲ. ಹಿರಿಯ ತಂಡದವರು ಕಿರಿಯ ತಂಡಕ್ಕೆ ಕಲಿಸಬೇಕು. ಬೇಸಾಯ, ಕೆಲಸದ ಶಿಸ್ತು, ಸತ್ತವರಿಗೆ ಸಲ್ಲಬೇಕಾದ ಮರ್ಯಾದೆ, ಗಿಡಮೂಲಿಕೆ, ಕುಣಿತ, ಮಾತಿನ ಅಂಕೆ, ಎಲ್ಲವೂ ಆ ಮರಗಳ ಕೆಳಗೆ.

ಇಲ್ಲಿ ಒಂದು ಸಣ್ಣ ತರ್ಕವಿದೆ, ಭಾಷಣಕಾರರು ಗಮನಿಸಬೇಕು. ಶಾಲೆ ಕಾಡಿನೊಳಗಿದ್ದರೆ ಕಾಡು ಕಡಿಯುವುದೆಂದರೆ ಶಾಲೆ ಕೆಡವುದು. ಆ ಕಾಡನ್ನು ಉಳಿಸಿರೆಂದು ಯಾರಿಗೂ ಪಾಠ ಹೇಳಬೇಕಾಗಿರಲಿಲ್ಲ. ತನ್ನ ಮಗನೂ ಅಲ್ಲಿಗೇ ಹೋಗಿ ಮನುಷ್ಯನಾಗಿ ಹಿಂದಿರುಗಬೇಕೆಂದಿರುವ ತಂದೆ ಅಲ್ಲಿ ಕೊಡಲಿ ಬೀಸುವನೆ? ನಾವು ಮೊದಲು ಮರ ಕಡಿದು ಜಾಗ ಮಾಡಿಕೊಂಡು, ಅಲ್ಲಿ ಕಾಲೇಜು ಕಟ್ಟಿ, ಒಳಗೆ ಕುಳಿತು ಮರದ ಮಹತ್ತ್ವವನ್ನು ಬೋಧಿಸುತ್ತೇವೆ. ಯಾವುದು ಶಿಕ್ಷಣ, ಯಾವುದು ಅಣಕ?

ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಅಡಗಿಸಿದರೆ ನಾನೂ ಚಪ್ಪಾಳೆಯವರ ಸಾಲಿಗೇ ಸೇರಿದವನಾಗುತ್ತೇನೆ. ಸಾಂಡೆಯ ಅದೇ ಕಾಡಿನಲ್ಲಿ ಎಳೆಯ ಹುಡುಗಿಯರ ಅಂಗವನ್ನು ಕತ್ತರಿಸುವ ಪದ್ಧತಿಯೂ ನಡೆದುಕೊಂಡು ಬಂದಿದೆ. ಅದರ ಪರವಾಗಿ ನನ್ನಲ್ಲಿ ಒಂದು ಅಕ್ಷರವೂ ಇಲ್ಲ. ಆ ದೇಶಗಳ ಹೆಂಗಸರೇ ಅದರ ವಿರುದ್ಧ ಹೋರಾಡುತ್ತಿದ್ದಾರೆ; ಅವರಲ್ಲಿ ಹಲವರು ಕತ್ತಿಯನ್ನು ಬಿಟ್ಟು ದೀಕ್ಷೆಯನ್ನು ಉಳಿಸಿಕೊಳ್ಳುವ ದಾರಿಯನ್ನು ಹುಡುಕುತ್ತಿದ್ದಾರೆ. ಹಳೆಯದೆಲ್ಲ ಹೊನ್ನೆಂದು ನಾನು ಹೇಳಹೊರಟಿಲ್ಲ. ಹಳೆಯದೆಲ್ಲ ಕಸವೆಂದು ಗುಡಿಸುವವರು ಪೊರಕೆಯ ತುದಿಯಲ್ಲಿ ಏನು ಹೋಗುತ್ತಿದೆಯೆಂದು ಬಗ್ಗಿ ನೋಡಲಿ ಎಂಬುದಷ್ಟೇ ನನ್ನ ಮಾತು.

ಎರಡನೆಯ ಆಕ್ಷೇಪಣೆ ಮೂಢನಂಬಿಕೆಯದು. ಇದಕ್ಕೆ ಉತ್ತರವಾಗಿ ಕೀನ್ಯ ದೇಶದ ಒಬ್ಬ ಹೆಣ್ಣುಮಗಳ ಕತೆ ಹೇಳುತ್ತೇನೆ. ವಾಂಗಾರಿ ಮಾಥಾಯ್ ಅವರ ಹೆಸರನ್ನು ವಾಚಕರು ಕೇಳಿರುತ್ತಾರೆ. 2004ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದವರು, 2011ರಲ್ಲಿ ತೀರಿಕೊಂಡರು. ಅವರು ಹುಟ್ಟಿದ್ದು 1940ರಲ್ಲಿ, ನ್ಯೇರಿ ಸೀಮೆಯ ಇಹಿತೆ ಎಂಬ ಹಳ್ಳಿಯಲ್ಲಿ, ಕಿಕುಯು ಜನಾಂಗದಲ್ಲಿ. ಮನೆಯ ಹತ್ತಿರ ಒಂದು ದೊಡ್ಡ ಮುಗುಮೊ ಮರ. ಮುಗುಮೊ ಎಂದರೆ ನಮ್ಮ ಆಲ, ಅರಳಿ, ಅತ್ತಿ, ಬಸರಿಗಳ ಬಳಗದ್ದೇ ಒಂದು ಮರ. ಕಿಕುಯು ಜನರಿಗೆ ದೇವರ ಮರ. ಸೌದೆಗೆ ಹೊರಟ ಹುಡುಗಿಗೆ ತಾಯಿ ಹೇಳಿದ್ದು ಇಷ್ಟೆ: ಆ ಮರದ ಪುಳ್ಳೆಯನ್ನು ಮಾತ್ರ ಆರಿಸಬೇಡ, ಅದು ದೇವರದು. ಮರದ ಸಮೀಪದಲ್ಲಿ ಒಂದು ಝರಿ. ಅದರ ನೀರಿನಲ್ಲಿ ಕಪ್ಪೆಯ ಮೊಟ್ಟೆಗಳು ಮಣಿಗಳ ಹಾಗೆ ತೇಲುತ್ತಿದ್ದವು. ಹುಡುಗಿ ಅವನ್ನು ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಹೋಗುತ್ತಿದ್ದಳು, ಅವು ಬೆರಳ ಸಂದಿಯಲ್ಲಿ ಜಾರುತ್ತಿದ್ದವು.

ಹುಡುಗಿ ಮಿಷನ್ ಶಾಲೆಯಲ್ಲಿ ಓದಿದಳು, ಅಮೆರಿಕೆಗೆ ಹೋದಳು, ಜೀವಶಾಸ್ತ್ರ ಕಲಿತಳು, 1966ರಲ್ಲಿ ಹಿಂದಿರುಗಿದಳು. ಊರಿಗೆ ಬಂದು ನೋಡಿದರೆ ಆ ನೆಲ ಬೇರೆಯವರ ಪಾಲಾಗಿತ್ತು. ಹೊಸ ಒಡೆಯ ಚಹಾ ಬೆಳೆಯಲು ಜಾಗ ಸಾಲದೆಂದು ಮರವನ್ನು ಕಡಿಸಿದ್ದ. ಝರಿ ಬತ್ತಿತ್ತು. ಮರವಿದ್ದ ಜಾಗದಲ್ಲಿ ಚಹಾವೂ ಬೆಳೆದಿರಲಿಲ್ಲ. ಆ ಮರದ ಬೇರು ಬಂಡೆಯನ್ನು ಸೀಳಿಕೊಂಡು ಆಳದ ನೀರಿಗೆ ಮೇಲೆ ಬರುವ ದಾರಿ ಮಾಡಿಕೊಡುತ್ತಿತ್ತು, ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುತ್ತಿತ್ತು ಎಂಬುದು ಅವರಿಗೆ ಅರ್ಥವಾದದ್ದು ಆಗ.

ಭಾಷಣಕಾರರು ಇಲ್ಲಿ ನನ್ನನ್ನು ಹಿಡಿಯಬಹುದು: ನೋಡಿದಿರಾ, ಅರ್ಥವಾದದ್ದು ಅಮೆರಿಕದ ಓದಿನಿಂದ ತಾನೆ? ಹೌದು, ಒಪ್ಪಿದೆ. ‘ಯಾಕೆ’ ಎಂಬುದನ್ನು ಕಾಲೇಜು ಕಲಿಸಿತು. ಆದರೆ ಆ ಮರವನ್ನು ತಲೆಮಾರುಗಳ ಕಾಲ ಕೊಡಲಿಯಿಂದ ಕಾಪಾಡಿದ್ದು ಯಾವ ವಿದ್ಯೆ? ತಾಯಿಯ ‘ಬೇಡ’. ಕಾರಣ ತಿಳಿಯದೆಯೆ ಮರ ಉಳಿದಿತ್ತು. ಕಾರಣ ತಿಳಿಯುವ ಹೊತ್ತಿಗೆ ಬುಡವೂ ಉಳಿದಿರಲಿಲ್ಲ. ಈಗ ಕಾರಣವನ್ನು ಬಲ್ಲ ನಾವು, ನಮ್ಮ ‘ಬೇಡ’ ಎಂಬ ಮಾತಿಗೆ ಆ ತಾಯಿಯ ಮಾತಿಗಿದ್ದ ಬಲವನ್ನು ಎಲ್ಲಿಂದ ತರುತ್ತೇವೆ? ಅರಣ್ಯ ಕಾಯಿದೆಯ ಕಲಮುಗಳಿಂದಲೆ?

ಮಾಥಾಯ್ ಅವರ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗ ಬೇರೆ. 1977ರಲ್ಲಿ ಅವರು ಹಳ್ಳಿಯ ಹೆಂಗಸರನ್ನು ಕೂಡಿಸಿ ಸಸಿ ಬೆಳೆಸುವ ಚಳವಳಿಯನ್ನು ಆರಂಭಿಸಿದರು. ಹಸುರು ಪಟ್ಟಿ ಚಳವಳಿ ಎಂದು ಅದಕ್ಕೆ ಹೆಸರಾಯಿತು. ಸಸಿ ಬೆಳೆಸುವುದನ್ನು ಹೆಂಗಸರಿಗೆ ಕಲಿಸಿಕೊಡಿರೆಂದು ಅರಣ್ಯಾಧಿಕಾರಿಗಳನ್ನು ಕೇಳಿದಾಗ, ಮರ ನೆಡಲು ಡಿಪ್ಲೊಮಾ ಪಡೆದವರು ಬೇಕಾಗುತ್ತದೆ ಎಂದರಂತೆ ಆ ಪುಣ್ಯಾತ್ಮರು! ಬೀಜವನ್ನು ಅಜ್ಜಿಯ ಕಾಲದಿಂದ ಬಿತ್ತಿಕೊಂಡು ಬಂದವರಿಗೆ ಬೀಜ ಬಿತ್ತಲು ಡಿಪ್ಲೊಮಾ. ಹೆಂಗಸರು ಒಡೆದ ಮಡಕೆಗಳಲ್ಲಿ, ಡಬ್ಬಿಗಳಲ್ಲಿ, ತಮಗೆ ತಿಳಿದ ಹಾಗೆ ಬೀಜ ಹಾಕಿ ಮೊಳೆಸಿದರು. ಡಿಪ್ಲೊಮಾ ಇಲ್ಲದ ಅರಣ್ಯಾಧಿಕಾರಿಗಳೆಂದು ಮಾಥಾಯ್ ಅವರನ್ನು ಕರೆದರು. ಆ ಕೈಗಳಿಂದ ಕೋಟಿಗಟ್ಟಲೆ ಮರ ಎದ್ದಿತು. ನಮ್ಮ ಭಾಷಣಕಾರರಿಗೆ ಆಫ್ರಿಕಾದಲ್ಲಿ ಕಾಣದ ಶಿಕ್ಷಣ ಆ ಮಡಕೆಗಳಲ್ಲಿತ್ತು.

ನಂಬಿಕೆಯ ವಿಷಯಕ್ಕೆ ಇನ್ನೊಂದು ನಿದರ್ಶನ ಘಾನಾ ದೇಶದ್ದು. ಅಲ್ಲಿ ಬೊವಾಬೆಂಗ್, ಫಿಯೆಮ ಎಂಬ ಅವಳಿ ಹಳ್ಳಿಗಳಿವೆ. ಅವುಗಳ ನಡುವಣ ಕಾಡಿನ ಕೋತಿಗಳು ದೇವರ ಮಕ್ಕಳೆಂದು ಜನರ ನಂಬಿಕೆ. ಕೋತಿ ಸತ್ತರೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡುತ್ತಾರೆ. 1970ರ ದಶಕದಲ್ಲಿ ಹೊಸ ಕ್ರೈಸ್ತ ಪಂಥವೊಂದಕ್ಕೆ ಸೇರಿದ ಕೆಲವರು, ಇದೆಲ್ಲ ಹುಸಿ ಎಂದು ತೋರಿಸಲು ಕೋತಿಗಳನ್ನು ಕೊಲ್ಲತೊಡಗಿದರು. ಆಗ ಊರವರು ಸರಕಾರದ ಬಾಗಿಲು ತಟ್ಟಿ, ಕೋತಿಗಳನ್ನು ಕೊಲ್ಲಕೂಡದೆಂಬ ಸ್ಥಳೀಯ ಕಾನೂನನ್ನು ಮಾಡಿಸಿಕೊಂಡರು. ಕೋತಿಗಳೂ ಉಳಿದವು, ಅವಿದ್ದ ಕಾಡೂ ಉಳಿಯಿತು. ಕೋತಿ ದೇವರ ಮಗನಲ್ಲವೆಂದು ಸಾಧಿಸಿದವರು ಗೆದ್ದಿದ್ದರೆ ಏನು ಸಿಗುತ್ತಿತ್ತು? ಸತ್ಯ ಸಿಗುತ್ತಿತ್ತು, ಕೋತಿ ಇರುತ್ತಿರಲಿಲ್ಲ. ಹೆದರಿಕೆಯಿಂದ ಕಾಪಾಡಿದ್ದು ಶಿಕ್ಷಣವಲ್ಲ ಎನ್ನುವವರು ನಮ್ಮ ಪರೀಕ್ಷಾ ಮಂದಿರಕ್ಕೆ ಒಮ್ಮೆ ದಯಮಾಡಿಸಲಿ. ಅಲ್ಲಿ ಹೆದರಿಕೆಯ ಹೊರತು ಬೇರೇನಾದರೂ ಕಾಣುತ್ತದೆಯೆ ನೋಡೋಣ.

ಇನ್ನು ಮೂರನೆಯ ಮಾತಿಗೆ ಬರುತ್ತೇನೆ. ಶಿಕ್ಷಣವಿಲ್ಲದವರ ಕೈಯಲ್ಲಿ ಕಾಡು ಹಾಳಾಯಿತೆಂಬ ಮಾತು. ಇದು ಹೊಸ ಮಾತಲ್ಲ, ನೂರು ವರ್ಷಕ್ಕಿಂತ ಹಳೆಯದು; ದೊಡ್ಡ ದೊಡ್ಡ ವಿದ್ವಾಂಸರು ಆಡಿದ ಮಾತು. ಈ ಮಾತು ಹೇಗೆ ತಲೆಕೆಳಗಾಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೆ ಹೇಳಬೇಕು.

ಗಿನಿ ದೇಶದಲ್ಲಿ ಕಿಸಿಡುಗು ಎಂಬ ಸೀಮೆಯಿದೆ. ಕಿಸ್ಸಿ, ಕುರಾಂಕೊ ಎಂಬ ಜನ ಅಲ್ಲಿಯ ಬೇಸಾಯಗಾರರು. ಎತ್ತರದಲ್ಲಿ ನಿಂತು ನೋಡಿದರೆ ಸುತ್ತಲೂ ಆಳೆತ್ತರದ ಹುಲ್ಲುಗಾವಲು. ಅದರ ನಡುವೆ ಅಲ್ಲೊಂದು ಇಲ್ಲೊಂದು ದಟ್ಟ ಕಾಡಿನ ದ್ವೀಪ. ಆ ಒಂದೊಂದು ದ್ವೀಪದ ನಡುವೆಯೂ ಒಂದೊಂದು ಹಳ್ಳಿ. ಫ್ರೆಂಚರು ಆ ಸೀಮೆಯನ್ನು ಹಿಡಿದಾಗ ಅವರ ಅಧಿಕಾರಿಗಳೂ ಸಸ್ಯಶಾಸ್ತ್ರಜ್ಞರೂ ಇದನ್ನು ನೋಡಿ ಒಂದು ತೀರ್ಮಾನಕ್ಕೆ ಬಂದರು. ಹಿಂದೆ ಇಲ್ಲೆಲ್ಲ ಒಂದೇ ಮಹಾರಣ್ಯವಿತ್ತು. ಈ ಅಜ್ಞಾನಿಗಳು ಸುಟ್ಟು ಕಡಿದು ಹುಲ್ಲುಗಾವಲು ಮಾಡಿದರು. ಹಳ್ಳಿಯ ಸುತ್ತ ಉಳಿದಿರುವುದು ಆ ಅರಣ್ಯದ ಕೊನೆಯ ಚೂರು. ಈ ತೀರ್ಮಾನದ ಮೇಲೆ ನಿಯಮಗಳಾದವು, ಬೆಂಕಿ ಹಾಕಿದವರಿಗೆ ದಂಡವಾಯಿತು. ಫ್ರೆಂಚರು ಹೋದರು, ಸ್ವತಂತ್ರ ಗಿನಿಯ ಸರಕಾರ ಬಂತು, ವಿದೇಶದ ನೆರವಿನ ಯೋಜನೆಗಳು ಬಂದವು. ಕತೆ ಮಾತ್ರ ಬದಲಾಗಲಿಲ್ಲ. ಹಳ್ಳಿಯವರು ಅಪರಾಧಿಗಳಾಗಿಯೆ ಉಳಿದರು.

1990ರ ದಶಕದ ಮೊದಲಲ್ಲಿ ಜೇಮ್ಸ್ ಫೇರ್‌ಹೆಡ್, ಮೆಲಿಸ್ಸ ಲೀಚ್ ಎಂಬ ಇಬ್ಬರು ಇಂಗ್ಲಿಷ್ ಮಾನವಶಾಸ್ತ್ರಜ್ಞರು ಆ ಹಳ್ಳಿಗಳಲ್ಲಿ ಹೋಗಿ ಉಳಿದರು. ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ಮುದುಕರನ್ನು ಕೇಳಿದರು. ಮುದುಕರು, ನಮ್ಮ ಅಜ್ಜಂದಿರು ಬಂದಾಗ ಇಲ್ಲಿ ಹುಲ್ಲಿತ್ತು, ಕಾಡನ್ನು ನಾವು ಮಾಡಿದೆವು ಎಂದರು. ಇದು ಮುದುಕರ ಬಡಾಯಿಯಿರಬಹುದೆಂದು ಸಂಶಯಪಡಲು ಅವಕಾಶವಿತ್ತು. ಆದರೆ 1952ರಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳು ಸಿಕ್ಕಿದವು. ಅವನ್ನು ಇತ್ತೀಚಿನ ಉಪಗ್ರಹದ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಅನೇಕ ಹಳ್ಳಿಗಳ ಸುತ್ತ ಕಾಡು ಕಡಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಮುದುಕರು ಹೇಳಿದ್ದು ದಿಟ. ಮಹಾಪಂಡಿತರು ಬರೆದದ್ದು ತಪ್ಪು. 1996ರಲ್ಲಿ ಅವರ ಪುಸ್ತಕ ಹೊರಬಂತು. ಆಫ್ರಿಕಾದ ನೆಲವನ್ನು ತಪ್ಪಾಗಿ ಓದಿದ ಕತೆ ಎಂದೇ ಅದರ ಹೆಸರಿನ ಅರ್ಥ.

ಹುಲ್ಲಿನಿಂದ ಕಾಡನ್ನು ಮಾಡುವುದು ಹೇಗೆ? ಮಂತ್ರವಲ್ಲ. ಮನೆ ಹೊದಿಸಲು ಊರಂಚಿನ ಹುಲ್ಲನ್ನು ಕೊಯ್ಯುವರು, ದನಗಳನ್ನು ಅಲ್ಲೇ ಮೇಯಿಸುವರು. ಆಗ ಬೇಸಗೆಯ ಕಿಚ್ಚು ಊರಿನವರೆಗೆ ಬಾರದು. ಹುಲ್ಲು ಪೂರ್ತಿ ಒಣಗುವ ಮೊದಲೇ ಸಣ್ಣ ಬೆಂಕಿ ಹಚ್ಚಿ ಸುತ್ತ ಗಡಿ ಮಾಡುವರು. ಅಧಿಕಾರಿಗಳು ದಂಡ ಹಾಕುತ್ತಿದ್ದದ್ದು ಈ ಕಾವಲಿನ ಬೆಂಕಿಗೂ ಸೇರಿಸಿ. ಮನೆಯ ಕಸ, ಬೂದಿ, ದನದ ಸಗಣಿ ಬಿದ್ದು ಮಣ್ಣು ಕೊಬ್ಬುವುದು. ಅಲ್ಲಿ ಬೂರುಗದ ಜಾತಿಯ ಮರಗಳನ್ನು ನೆಡುವರು, ಕೋಲಾ ಮರಗಳನ್ನು ನೆಡುವರು. ಎರಡು ಮೂರು ತಲೆಮಾರು ಕಳೆದರೆ ಕಾಡು. ಇದರಲ್ಲಿ ಯಾವುದನ್ನೂ ಅವರು ಅರಣ್ಯ ಸಂರಕ್ಷಣೆಯೆಂದು ಕರೆಯಲಿಲ್ಲ. ಹೆಸರಿಡದ್ದರಿಂದಲೇ ಹೊರಗಿನವರಿಗೆ ಅದು ಕಾಣಲಿಲ್ಲವೆಂದು ನನಗೆ ತೋರುತ್ತದೆ. ಕಿಸಿಡುಗುವಿನ ಮಾತನ್ನು ಇಡೀ ಪಶ್ಚಿಮ ಆಫ್ರಿಕಾಕ್ಕೆ ಎಳೆದು ಹೊದಿಸಬಾರದು. ಕೋಕೋ ತೋಟಕ್ಕೂ ಮರದ ವ್ಯಾಪಾರಕ್ಕೂ ಬಲಿಯಾದ ಕಾಡು ಅಲ್ಲಿ ಬೇಕಾದಷ್ಟಿದೆ. ಆದರೆ ಆ ತೋಟ, ಆ ವ್ಯಾಪಾರಗಳನ್ನು ಪೊರೊ ಶಾಲೆ ಕಲಿಸಲಿಲ್ಲವೆಂಬುದನ್ನು ಮರೆಯಬಾರದು.

ಮಾಲಿ ದೇಶದ ಅಮದು ಹಂಪಾಟೆ ಬಾ ಎಂಬ ಬರಹಗಾರರು 1960ರಲ್ಲಿ ಯುನೆಸ್ಕೊ ಸಭೆಯಲ್ಲಿ, ಆಫ್ರಿಕಾದಲ್ಲಿ ಮುದುಕನೊಬ್ಬ ಸತ್ತರೆ ಗ್ರಂಥಾಲಯವೊಂದು ಉರಿದಂತೆ ಎಂಬ ಅರ್ಥದ ಮಾತನ್ನಾಡಿದರು. ಇದನ್ನು ಭಾಷಣಗಳಲ್ಲಿ ಎಷ್ಟು ಸವೆಸಿದ್ದಾರೆಂದರೆ ಈಗ ಅದನ್ನು ಎತ್ತಲು ಸಂಕೋಚವಾಗುತ್ತದೆ. ಕಿಸಿಡುಗುವಿನ ಕತೆ ಓದಿದ ಮೇಲೆ ಆ ಮಾತಿಗೆ ಮತ್ತೆ ಜೀವ ಬಂತು. ಆ ಗ್ರಂಥಾಲಯ ಉರಿಯದೆ ಊರ ಜಗಲಿಯ ಮೇಲೆ ಕುಳಿತೇ ಇತ್ತು. ನೂರು ವರ್ಷ ಯಾರೂ ಒಳಹೊಕ್ಕು ಒಂದು ಪುಟ ತಿರುವಲಿಲ್ಲ.

ಕೀನ್ಯದ ಕಡಲ ತೀರದಲ್ಲಿ ಮಿಜಿಕೆಂಡ ಎಂಬ ಜನರಿದ್ದಾರೆ. ಒಂಬತ್ತು ಊರಿನವರೆಂದು ಆ ಹೆಸರಿನ ಅರ್ಥ. ಅವರ ಪೂರ್ವಿಕರು ಕಾಡಿನ ನಡುವೆ ಕೋಟೆ ಕಟ್ಟಿಕೊಂಡು ಬಾಳಿದ ಸ್ಥಳಗಳಿಗೆ ಕಾಯ ಎಂದು ಹೆಸರು. 1940ರ ದಶಕದ ಹೊತ್ತಿಗೆ ವಾಸ ನಿಂತುಹೋಯಿತು, ಆದರೂ ಕಾಡನ್ನು ಬಿಡಲಿಲ್ಲ. ಪಿತೃಗಳು ಅಲ್ಲಿದ್ದಾರೆಂದು ಹಿರಿಯರು ಕಾಯುತ್ತಾರೆ. ಮರ ಕಡಿಯುವಂತಿಲ್ಲ, ದನ ಬಿಡುವಂತಿಲ್ಲ, ಕಾಲುದಾರಿ ಬಿಟ್ಟು ಆಚೆ ಈಚೆ ಹೆಜ್ಜೆಯಿಡುವಂತಿಲ್ಲ. 2008ರಲ್ಲಿ ಇಂಥ ಕಾಡುಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಎಲ್ಲರಿಗೂ ಗೊತ್ತು. 1914ರಲ್ಲಿ ಏನಾಯಿತೆಂಬುದು ಅಷ್ಟಾಗಿ ಗೊತ್ತಿಲ್ಲ. ಗಿರಿಯಾಮ ಜನ ಮೆಕಟಿಲಿಲಿ ಎಂಬ ಹೆಂಗಸಿನ ಮುಂದಾಳುತನದಲ್ಲಿ ಬ್ರಿಟಿಷರ ಕೂಲಿಗೂ ತೆರಿಗೆಗೂ ಎದುರು ನಿಂತಾಗ, ಬ್ರಿಟಿಷರು ಕಾಯ ಫುಂಗೊ ಎಂಬ ಅವರ ಪವಿತ್ರ ಸ್ಥಳಕ್ಕೆ ಡೈನಮೈಟ್ ಇಟ್ಟು ಸಿಡಿಸಿದರು. ಅಲ್ಲಿ ಏನೂ ಇಲ್ಲ, ಬರಿಯ ಮೂಢನಂಬಿಕೆ ಎಂದು ಅವರಿಗೆ ನಿಜವಾಗಿಯೂ ಅನಿಸಿದ್ದರೆ ಡೈನಮೈಟಿನ ಖರ್ಚೇಕೆ? ಅಲ್ಲಿರುವುದು ಒಂದು ಶಾಲೆಯೆಂದು ಆ ಸಿಪಾಯಿಗಳಿಗೆ ತಿಳಿದಿತ್ತು. ನಮ್ಮ ಭಾಷಣಕಾರರಿಗೆ ತಿಳಿಯಲಿಲ್ಲ.

ಈಗ ಆ ಕಾಯಗಳಿಗೂ ಕಷ್ಟ ಬಂದಿದೆ. ತೀರದ ನೆಲಕ್ಕೆ ಬೆಲೆ ಬಂದಿದೆ, ಹುಡುಗರು ಪೇಟೆಗೆ ಹೋಗಿದ್ದಾರೆ, ಕಾಯುವ ಹಿರಿಯರು ಕಡಮೆಯಾಗುತ್ತಿದ್ದಾರೆ. ಬೇಲಿ ಹಾಕಬಹುದು. ಬೇಲಿಯೊಳಗೆ ಪಿತೃಗಳಿದ್ದಾರೆಂದು ಹೇಳುವವರು ಯಾರು?

ಹಳೆಯ ವಿದ್ಯೆ ಬರಿಯ ‘ಬೇಡ’ಗಳ ಪಟ್ಟಿಯೆಂದು ಯಾರೂ ತಿಳಿಯಬಾರದು. ಬುರ್ಕಿನ ಫಾಸೊ ದೇಶದ ಯಾಕೂಬ ಸವಡೊಗೊ ಎಂಬ ಬೇಸಾಯಗಾರ 2023ರಲ್ಲಿ ತೀರಿಕೊಂಡರು. ಬಾಲ್ಯದಲ್ಲಿ ಕುರಾನ್ ಶಾಲೆಗೆ ಹೋಗಿದ್ದರು. ಓದು ಬರಹ ಬಾರದವರು. 1980ರ ಸುಮಾರಿನ ಬರಗಾಲದಲ್ಲಿ ನೆಲ ಕಲ್ಲಿನಂತಾಗಿ ಜನ ಗುಳೆ ಹೊರಟಾಗ ಅವರು ಹೋಗಲಿಲ್ಲ. ಜಾಯಿ ಎಂಬ ಹಳೆಯ ಗುಂಡಿ ಪದ್ಧತಿಯಿತ್ತು; ಅದನ್ನು ತಿದ್ದಿದರು. ಗುಂಡಿಯನ್ನು ಅಗಲ ಮಾಡಿ, ಬೇಸಗೆಯಲ್ಲಿಯೇ ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂತು, ಗೆದ್ದಲು ನೆಲವನ್ನು ತೂತು ಮಾಡಿತು, ತೂತಿನಲ್ಲಿ ಮಳೆಯ ನೀರಿಳಿಯಿತು. ಜೋಳದ ಜೊತೆಗೆ ಗೊಬ್ಬರದಲ್ಲಿದ್ದ ಮರದ ಬೀಜಗಳೂ ಮೊಳೆತವು. ಅವನ್ನು ಕೀಳದೆ ಬಿಟ್ಟರು. ಊರವರು ಹುಚ್ಚನೆಂದರು, ಒಮ್ಮೆ ಬೆಂಕಿಯನ್ನೂ ಇಟ್ಟರು. ಕೊನೆಗೆ ಬೋಳು ನೆಲದಲ್ಲಿ ಕಾಡು ನಿಂತಿತು. ದೂರದೂರದ ರೈತರು ಕಲಿಯಲು ಬಂದರು. ಅವರು ತಮ್ಮ ವಿದ್ಯೆಗೆ ಪೇಟೆಂಟ್ ಮಾಡಿಸಲಿಲ್ಲ. ವರ್ಷಕ್ಕೆರಡು ಸಲ ಹೊಲದಲ್ಲೇ ಸಂತೆ ಕೂಡಿಸಿ, ಬೀಜವನ್ನೂ ಅನುಭವವನ್ನೂ ಬದಲಾಯಿಸಿಕೊಳ್ಳಲು ಹೇಳಿದರು. ಅದೂ ವಿಚಾರಗೋಷ್ಠಿಯೇ.

ಇನ್ನು ನನ್ನ ಕಸುಬಿಗೆ ಸಂಬಂಧಿಸಿದ ಮಾತು. ಮಾಥಾಯ್ ಅವರು ಓದಿದ ಮಿಷನ್ ಶಾಲೆಯಲ್ಲಿ ಮಾತೃಭಾಷೆಯಲ್ಲಿ ಮಾತನಾಡಿದ ಮಗುವಿಗೆ ಒಂದು ಬಿಲ್ಲೆ ತೊಡಿಸುತ್ತಿದ್ದರು. ಅದೇ ಕಿಕುಯು ಜನಾಂಗದ ಗೂಗಿ ವಾ ಥಿಯೊಂಗೊ, 2025ರಲ್ಲಿ ನಮ್ಮನ್ನಗಲಿದ ಆ ದೊಡ್ಡ ಕಾದಂಬರಿಕಾರ, ತಮ್ಮ ಕಾಲದ ಶಾಲೆಯಲ್ಲಿ ಇಂಥ ಮಕ್ಕಳಿಗೆ ತಾನು ಕತ್ತೆಯೆಂದು ಬರೆದ ಹಲಗೆಯನ್ನು ಕೊರಳಿಗೆ ಕಟ್ಟುತ್ತಿದ್ದುದನ್ನು 1986ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನಾವು ಭಾಷೆಯ ಕಡೆಯವರು ಇದನ್ನು ಭಾಷೆಗಾದ ಅನ್ಯಾಯವೆಂದಷ್ಟೇ ಓದಿ ಕಣ್ಣೀರು ಹಾಕುತ್ತೇವೆ. ಆದರೆ ಮಗು ಕಿಕುಯು ಮಾತಾಡುವುದನ್ನು ಬಿಟ್ಟಾಗ ಅದರ ಬಾಯಿಂದ ಹೋದದ್ದು ವ್ಯಾಕರಣವೊಂದೇ ಅಲ್ಲ. ಮುಗುಮೊ ಎಂಬ ಶಬ್ದವೂ ಹೋಯಿತು, ಅದರ ಹಿಂದಿದ್ದ ತಾಯಿಯ ‘ಬೇಡ’ವೂ ಹೋಯಿತು. ಇಂಗ್ಲಿಷಿನಲ್ಲಿ ಅದು ಬರಿಯ ಒಂದು ಜಾತಿಯ ಅತ್ತಿ. ಬರಿಯ ಅತ್ತಿಯನ್ನು ಕಡಿಯಲು ಯಾರಿಗೇನು ಅಳುಕು? ಕೀನ್ಯದ ಮೊದಲ ಅಧ್ಯಕ್ಷರಾದ ಜೋಮೊ ಕೆನ್ಯಾಟ 1938ರಲ್ಲಿಯೇ ಕಿಕುಯು ಜನರನ್ನು ಕುರಿತು ಪುಸ್ತಕ ಬರೆದಾಗ, ಬಿಳಿಯರು ಬರುವ ಮೊದಲು ತಮ್ಮವರಲ್ಲಿದ್ದ ಶಿಕ್ಷಣಕ್ಕಾಗಿ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟರು. ನಮ್ಮ ಭಾಷಣಕಾರರು ಹೇಳಿದ ಮಾತಿಗೆ ಉತ್ತರ ಎಂಟು ದಶಕಗಳ ಹಿಂದೆಯೇ ಅಚ್ಚಾಗಿತ್ತು.

ನಮ್ಮಲ್ಲೂ ಕೊಡಗಿನ ದೇವರಕಾಡುಗಳಿಲ್ಲವೆ, ಸೊರಬ ಸಿರಸಿಗಳ ಕಾನುಗಳಿಲ್ಲವೆ ಎಂದು ಕೆಲವರು ಎದೆಯುಬ್ಬಿಸಬಹುದು. ಇವೆ. ಅವುಗಳಿಗೂ ಇದೇ ಗತಿಯಾಗುತ್ತಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಆಫ್ರಿಕಾದ ಮಾತು ಬಂದ ಕೂಡಲೆ ನಮ್ಮ ಹೆಮ್ಮೆಯ ಗಂಟನ್ನು ಬಿಚ್ಚುವ ಚಪಲ ಬೇಡ. ಒಂದು ಲೇಖನದಷ್ಟು ಹೊತ್ತಾದರೂ ಇನ್ನೊಬ್ಬರಿಂದ ಕಲಿಯುವುದಕ್ಕೆ ಸುಮ್ಮನಿರೋಣ.

1991ರಲ್ಲಿ ನಮ್ಮ ಸುಪ್ರೀಂ ಕೋರ್ಟು ಪರಿಸರದ ವಿಷಯವನ್ನು ಎಲ್ಲ ಹಂತದಲ್ಲಿಯೂ ಕಲಿಸಬೇಕೆಂದು ಆಜ್ಞೆ ಮಾಡಿತು. ಮುಂದೆ ಪದವಿ ತರಗತಿಗಳಿಗೆ ಅದು ಕಡ್ಡಾಯವಾಯಿತು. ಆಜ್ಞೆಯ ಉದ್ದೇಶ ಒಳ್ಳೆಯದು. ಅದು ನನ್ನ ಕೈಗೆ ಬಂದು ಏನಾಯಿತೆಂಬುದು ನನಗೆ ಗೊತ್ತು. ಕಾಡಿನ ಐದು ಉಪಯೋಗಗಳನ್ನು ಬರೆಯಿರಿ, ಐದು ಅಂಕ. ಹುಡುಗರು ಐದನ್ನೂ ಬರೆಯುತ್ತಾರೆ. ಒಬ್ಬರ ಹಾಳೆಯಲ್ಲಿದ್ದ ಕಾಗುಣಿತದ ತಪ್ಪೂ ಇನ್ನೊಬ್ಬರ ಹಾಳೆಯಲ್ಲಿರುತ್ತದೆ.

ಗೋಷ್ಠಿಯಿಂದ ಬಂದ ಮಾರನೆಯ ದಿನ ತರಗತಿಯಲ್ಲಿ ಪುಸ್ತಕ ಮುಚ್ಚಿಸಿ, ಕಿಟಕಿಯಾಚೆಯ ಮರ ಯಾವುದೆಂದು ಕೇಳಿದೆ. ಬಹಳ ಮಂದಿ ಸುಮ್ಮನಿದ್ದರು. ಅರಳಿ ಎಂದು ನಾನೇ ಹೇಳಿದೆ. ಹದಿನೇಳು ವರ್ಷದಿಂದ ಅದರ ನೆರಳಿನಲ್ಲಿ ಸೈಕಲ್ಲೋ ಸ್ಕೂಟರೋ ನಿಲ್ಲಿಸುತ್ತಿರುವವನು ನಾನು. ಹಿಂದಿನ ಬೆಂಚಿನಲ್ಲಿ, ಕುರಿ ಕಾಯುವ ಮನೆತನದ ಹುಡುಗನೊಬ್ಬ, ಎಂದೂ ಬಾಯಿ ತೆರೆಯದವನು, ಎದ್ದು ನಿಂತು, “ಅರಳಿ ಅಲ್ಲ ಸಾರ್, ಬಸರಿ. ಅರಳಿ ಎಲೆಗಾದ್ರೆ ಬಾಲ ಉದ್ದ ಇರ್ತದೆ” ಎಂದ. ಎಲೆ ತರಿಸಿ ನೋಡಿದೆ. ಬಸರಿಯೇ. ಆ ಹುಡುಗನಿಗೆ ಇನ್ನೂ ಎಷ್ಟು ಮರ ಗೊತ್ತೆಂದು ಕೇಳಿದೆ. ಕಗ್ಗಲಿ, ತೂಪ್ರ, ಬನ್ನಿ, ಹೊಂಗೆ, ಬೇಲ ಎಂದು ಮೊದಲುಮಾಡಿದವನು ನಿಲ್ಲಿಸಲಿಲ್ಲ. ಯಾವುದರ ಸೊಪ್ಪು ಕುರಿಗೆ ಆಗುತ್ತದೆ, ಯಾವುದು ಆಗದು, ಯಾವುದನ್ನು ಅವನ ತಾತ ಕಡಿಯಗೊಡುವುದಿಲ್ಲ ಎಂಬುದೆಲ್ಲ ಬಂತು. ಉಳಿದ ಹುಡುಗರು ಬರೆದುಕೊಂಡರು. ನಾನೂ ಬರೆದುಕೊಂಡೆ. ನಲವತ್ತೊಂದು ಹೆಸರಾಯಿತು. ಹಿಂದಿನ ಕಿರುಪರೀಕ್ಷೆಯಲ್ಲಿ ಇದೇ ವಿಷಯದಲ್ಲಿ ಅವನಿಗೆ ನಾನು ಕೊಟ್ಟಿದ್ದ ಅಂಕ ಇಪ್ಪತ್ತಕ್ಕೆ ಆರು.

ಆ ವಾರ ಆಂತರಿಕ ಅಂಕಗಳ ಪಟ್ಟಿ ಹೋಗಬೇಕಾಗಿತ್ತು. ಅವನ ಹೆಸರಿನ ಮುಂದೆ ಹತ್ತು ಅಂಕ ಹೆಚ್ಚಿಗೆ ಹಾಕಿ ಕಳಿಸಿದೆ. ಯಾವ ಘಟಕದ ಯಾವ ಪಾಠಕ್ಕೆ ಈ ಅಂಕವೆಂದು ಬರೆದು ತಿಳಿಸಬೇಕೆಂದು ಪಟ್ಟಿ ಹಿಂದಕ್ಕೆ ಬಂದು ನನ್ನ ಮೇಜಿನ ಮೇಲೆ ಕುಳಿತಿದೆ. ಅದರ ಪಕ್ಕದಲ್ಲಿ ಬಸರಿಯ ಆ ಎಲೆಯೂ ಇದೆ, ಒಣಗಿದೆ.